ಗಂಟು ಬಿಚ್ಚದ ಹಸಿರು ಸೀರೆ

ಗಂಡನ ಚಿಕ್ಕಪ್ಪನ ಮಗ ಕೊಗನೊಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಅದರ ವಾಸ್ತುಶಾಂತಿಯ ಊಟ ಮುಗಿಸಿ ನಿಪ್ಪಾಣಿಗೆ ಬಂದ ಜನಾಬಾಯಿ, ಅಲ್ಲಿ ತನಗೆ ಬಂದ ಸೀರೆಯನ್ನು ಟ್ರಂಕಿನಲ್ಲಿ ಇಡಲು ಹೋದವಳು, ಮುಚ್ಚಳ ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟಳು.

ಗಿಳಿಹಸಿರು ಸೀರೆ, ಕೆಂಪು ಅಂಚು. ಸೀರೆಯನ್ನೂ ಕುಬಸದ ಖಣವನ್ನೂ ಸೇರಿಸಿ ಗುಲಾಬಿ ದಾರದಿಂದ ಕಟ್ಟಿತ್ತು. ಅದು ಬೀಡಿಗೆ ಸುತ್ತುವ ದಾರ. ಆ ಗಂಟು ಬೀಡಿಯ ಕೊರಳಿಗೆ ಬಿಗಿಯುವ ಗಂಟು. ಸೀರೆಯನ್ನು ಮೂಗಿಗೆ ಹಿಡಿದಳು. ತಂಬಾಕಿನ ಘಾಟು ಇನ್ನೂ ಹೋಗಿರಲಿಲ್ಲ.

"ಸಾರಿಕಾ, ಬಾ ಇಲ್ಲೆ. ಇದನ್ನ ಮೂಸ್ ನೋಡು."

ಮಗಳು ಮೊರದ ತುಂಬ ಎಲೆ ಹರವಿಕೊಂಡು ಬೀಡಿ ಸುತ್ತುತ್ತಿದ್ದಳು. ಎದ್ದು ಬಂದು ಮೂಸಿದಳು. "ನಮ್ಮ ಮನಿ ವಾಸನಿ ಐತಲ್ಲವ್ವಾ."

"ನಮ್ಮ ಮನೀದ ಐತಿ. ಅನಂತಪುರದಾಗ ನಿಮ್ಮಪ್ಪನ ತಂಗಿಗೆ ನಾನ ಕೊಟ್ಟಿದ್ದು. ಗಂಟ ನಾನ ಹಾಕಿದ್ದು."

ಅದನ್ನು ಕೊಟ್ಟಾಗ ಸಾರಿಕಾ ಇನ್ನೂ ಲಂಗ ತೊಡುವ ಹುಡುಗಿ. ಗಂಡನ ತಂಗಿ ಭೀಮಾಬಾಯಿ ಅಥಣಿ ತಾಲ್ಲೂಕಿನ ಅನಂತಪುರದಲ್ಲಿ ಮಗನ ಜಾವಳ ಇಟ್ಟಿದ್ದಳು. ಹುಡುಗನ ಮೊದಲ ಕೂದಲು ತೆಗೆಯುವ ದಿನ ಸೋದರಮಾವನ ಕೈ ಬರಿದಿರಬಾರದು ಎಂದು ಜನಾಬಾಯಿಯ ಕಿವಿಯ ಬೆಂಡೋಲೆಯನ್ನು ಸರಾಫನ ಅಂಗಡಿಯಲ್ಲಿ ಒತ್ತೆ ಇಟ್ಟು ಈ ಸೀರೆ ತಂದಿದ್ದರು. ಒತ್ತೆ ಹೋದ ಬೆಂಡೋಲೆ ತಿರುಗಿ ಬರಲಿಲ್ಲ. ಸೀರೆ ಬಂತು. ಅನಂತಪುರದಿಂದ ಯಾರ ಯಾರ ಮನೆ ಸುತ್ತಿ, ಯಾವ ಯಾವ ಟ್ರಂಕಿನಲ್ಲಿ ಮಲಗಿ, ಕೊಗನೊಳ್ಳಿಯ ಹಾದಿ ಹಿಡಿದು ಬಂತೋ. ಇಷ್ಟು ವರ್ಷದಲ್ಲಿ ಒಬ್ಬಳೂ ಉಡಲಿಲ್ಲ. ಉಡುವುದು ಹಾಗಿರಲಿ, ಗಂಟು ಸಹ ಬಿಚ್ಚಿರಲಿಲ್ಲ.

ಜನಾಬಾಯಿಗೆ ಅಳು ಬರಲಿಲ್ಲ, ನಗೆ ಬರಲಿಲ್ಲ. ಸಿಟ್ಟು ಬಂತು, ಆರದ ಸಿಟ್ಟು.

ಆಹೇರ ಎಂದರೆ ಈ ಗಡಿಯ ಊರುಗಳಲ್ಲಿ ಬಳಗದವರಿಗೆ ಬಳಗದವರು ಕೊಡುವ ಬಟ್ಟೆ. ಹೆಂಗಸಿಗೆ ಸೀರೆ-ಖಣ, ಗಂಡಸಿಗೆ ಟಾವೆಲ್-ಟೋಪಿ, ಸ್ವಲ್ಪ ದೊಡ್ಡ ಮನುಷ್ಯನಾದರೆ ತಲೆಗೆ ಫೆಟಾ. ಮದುವೆಗೆ ಆಹೇರ, ಜಾವಳಕ್ಕೆ ಆಹೇರ, ಮನೆ ಹೊಕ್ಕರೆ ಆಹೇರ, ಮುದುಕ ಸತ್ತು ದಿನ ಮಾಡಿದರೂ ಆಹೇರ. ಕೊಟ್ಟವರಿಗೆ ತಿರುಗಿ ಕೊಡಬೇಕು, ಒಂದು ಕೈ ಮೇಲಾಗಿಯೇ ಕೊಡಬೇಕು. ಬಂದ ಬಟ್ಟೆ ಬಂದ ಮನೆಗೇ ಮರಳಬಾರದು. ಅದಕ್ಕಾಗಿ ಯಾವ ಸೀರೆ ಯಾರ ಮನೆಯಿಂದ ಬಂತು ಎಂಬುದು ಇಲ್ಲಿಯ ಪ್ರತಿ ಹೆಂಗಸಿನ ನಾಲಿಗೆಯ ತುದಿಯಲ್ಲಿರುತ್ತದೆ. ಬಟ್ಟೆಯೇನು ಉಡುವಂಥದ್ದೇ? ತೊಳೆದರೆ ಬಣ್ಣ ಬಿಡುವ, ಬಿಸಿಲಿಗೆ ಹಿಡಿದರೆ ಆಚೆ ಕಾಣುವ ಬಟ್ಟೆ. ಆಹೇರಕ್ಕೆಂದೇ ನೇಯ್ದು, ಆಹೇರಕ್ಕೆಂದೇ ಮಾರುವ ಸರಕು. ಅದನ್ನು ಕೊಳ್ಳಲು ಬೀಡಿ ಸುತ್ತುವವಳು ಸಾಲ ಮಾಡುತ್ತಾಳೆ, ಕಬ್ಬು ಕಡಿಯುವವನು ಮುಂಗಡ ಎತ್ತುತ್ತಾನೆ. ಈ ಸೀಮೆಯಲ್ಲಿ ಜನ ಉಣ್ಣಲಿಲ್ಲದೆ ಸಾಲಗಾರರಾದದ್ದು ಕಡಿಮೆ. ಯಾರೂ ಉಡದ ಬಟ್ಟೆಗೆ ಸಾಲಗಾರರಾದದ್ದೇ ಹೆಚ್ಚು. ಇದನ್ನು ಮಾನ ಎಂದು ಕರೆಯುತ್ತಾರೆ!

ಜನಾಬಾಯಿಯ ಗಂಡ ಮಾಯಪ್ಪ ಊರಿಗೆ ನೀರು ಬಿಡುವ ನೌಕರ. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಸೈಕಲ್ ಹತ್ತಿ ಓಣಿ ಓಣಿಗೆ ಹೋಗಿ ವಾಲ್ವ್ ತಿರುವುತ್ತಿದ್ದ. ತಿಂಗಳಿಗೆ ಪಗಾರ ಇತ್ತು. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆಯನ್ನೂ ಹಾಕುತ್ತಿರಲಿಲ್ಲ. ಕುಡುಕನಾಗಿದ್ದರೆ ಓಣಿಯ ನಾಲ್ಕು ಜನ ಅವನಿಗೆ ಬುದ್ಧಿ ಹೇಳುತ್ತಿದ್ದರು. ಆಹೇರ ಕೊಡುವವನಿಗೆ ಬುದ್ಧಿ ಹೇಳುವವರಾರು? ಮೈಕಿನಲ್ಲಿ ಹೆಸರು ಕೂಗುತ್ತಾರೆ. "ನಿಪ್ಪಾಣಿಯ ಮಾಯಪ್ಪ ಅವರ ವತಿಯಿಂದ" ಎಂದು ಮೈಕು ಅಂದದ್ದೇ ತಡ, ಮಾಯಪ್ಪನ ಎದೆ ಅಂಗಿಯ ಗುಂಡಿ ಕಿತ್ತು ಬರುವಷ್ಟು ಉಬ್ಬುತ್ತಿತ್ತು. ಆ ಒಂದು ಕೂಗಿಗೆ ಅವನ ಎರಡು ತಿಂಗಳ ಪಗಾರ ಹೋಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಜನಾಬಾಯಿಯ ಬೆರಳಿನಿಂದ.

ಆ ಬೆರಳುಗಳನ್ನು ನೋಡಬೇಕಿತ್ತು. ಕತ್ತರಿ ಹಿಡಿದ ಹೆಬ್ಬೆರಳು ಸೊಟ್ಟಗಾಗಿತ್ತು. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ದಾರ ಕಟ್ಟಿ, ಮುಂಜಾನೆಯಿಂದ ದೀಪ ಹಚ್ಚುವವರೆಗೆ ಕುಂತಲ್ಲೇ ಕುಂತು ಮೊಣಕಾಲು ಹಿಡಿದಿತ್ತು. ಕಾರಖಾನೆಗೆ ಒಯ್ದರೆ ಅಲ್ಲಿಯವನು ಹತ್ತು ತಪ್ಪು ಹುಡುಕಿ ಹಿಡಿ ಹಿಡಿ ಬೀಡಿಯನ್ನು ಛಾಟ ಎಂದು ಬದಿಗೆ ತಳ್ಳುತ್ತಿದ್ದ. ತಳ್ಳಿದ್ದಕ್ಕೆ ಕೂಲಿಯಿಲ್ಲ. ಅಂಥ ಕೂಲಿಯಿಂದ ಮಗಳನ್ನು ಸಾಕಿದಳು, ಬಾಡಿಗೆ ಕಟ್ಟಿದಳು, ಗಂಡನ ಮಾನದ ಸಾಲವನ್ನೂ ತೀರಿಸಿದಳು. ಸಂಗಡ ಇನ್ನೊಂದಾಗಿತ್ತು. ಪ್ರತಿ ವಾರದ ಕೂಲಿಯಲ್ಲಿ ಕಾರಖಾನೆಯವರು ಸ್ವಲ್ಪ ಮುರಿದು ಭವಿಷ್ಯನಿಧಿಯ ಫಂಡಿಗೆ ಹಾಕುತ್ತಿದ್ದರು. ಅದು ಇವಳ ಕೈಗೆ ಸಿಗದ ರೊಕ್ಕವಾದ್ದರಿಂದಲೇ ಮಾಯಪ್ಪನ ಕೈಗೂ ಸಿಕ್ಕಿರಲಿಲ್ಲ.

ಹಸಿರು ಸೀರೆ ಬಂದ ಮೇಲೆ ಜನಾಬಾಯಿ ಗಂಟು ಬಿಚ್ಚದೆ ಅದನ್ನು ಟ್ರಂಕಿನ ತಳಕ್ಕೆ ಇಟ್ಟಳು. ಯಾರಿಗೂ ಕೊಡಲಿಲ್ಲ.

ಆಮೇಲೆ ನಾಲ್ಕಾರು ವರ್ಷ ಕಳೆದವು. ಅವಳು ಬೀಡಿ ಕೊಡುತ್ತಿದ್ದ ಕಾರಖಾನೆ ಬಾಗಿಲು ಹಾಕಿತು. ಫಂಡಿನ ರೊಕ್ಕ ಅವಳ ಹೆಸರಿಗೆ ಬ್ಯಾಂಕಿಗೆ ಬಂತು. ಅದೇ ಚಳಿಗಾಲದಲ್ಲಿ ಮನೆಯ ಮಾಲಕ ಅಣ್ಣಾಸಾಬ ಬಂದು ಹೊಸ್ತಿಲ ಹೊರಗೇ ನಿಂತು ಹೇಳಿದ. "ಜನಾಬಾಯಿ, ಈ ಜಾಗಾ ಮಾರಾಂವ ಅದೀನಿ. ಹಿಂದಿನ ತಂಬಾಕ ತುಂಬಿಡೂ ವಖಾರದವರು ಕೇಳಾಕತ್ತಾರ. ಅವರಿಗೆ ಕೊಟ್ಟರ ಗ್ವಾಡಿ ಕೆಡವಿ ವಖಾರ ಬೆಳಸ್ತಾರ. ನೀವು ಹಳೇ ಮಂದಿ ಅಂತ ಮೊದಲ ನಿಮಗ ಕೇಳಾಕತ್ತೀನಿ. ಯುಗಾದಿ ಪಾಡ್ಯಾದೊಳಗ ಇಸಾರ ಕೊಡ್ರಿ, ಉಳಿದದ್ದು ವರ್ಷದಾಗ ಮುಟ್ಟಸ್ರಿ."

ಇಸಾರವೆಂದು ಅವನು ಕೇಳಿದ ಮುಂಗಡ ಹೆಚ್ಚು ಕಡಿಮೆ ಜನಾಬಾಯಿಯ ಫಂಡಿನಷ್ಟೇ ಇತ್ತು. ಒಂದೂವರೆ ಖೋಲಿ, ಮೇಲೆ ತಗಡು, ವಖಾರದ ತಂಬಾಕಿನ ಧೂಳಿಗೆ ವರ್ಷವಿಡೀ ಸೀನು. ಆದರೆ ಮದುವೆಯಾಗಿ ಬಂದಂದಿನಿಂದ ಆ ಮನೆಗೆ ಕಟ್ಟಿದ ಬಾಡಿಗೆಯಲ್ಲಿ ಅಂಥದ್ದೇ ಎರಡು ಮನೆ ಕಟ್ಟಬಹುದಿತ್ತು. ಕೊಳ್ಳದಿದ್ದರೆ ಪಾಡ್ಯ ಕಳೆದು ಬೀದಿ.

"ಕೊಡ್ತೀನ್ರಿ," ಎಂದಳು ಜನಾಬಾಯಿ. ಗಂಡನನ್ನು ಕೇಳಲಿಲ್ಲ.

ಕೇಳದಿದ್ದರೂ ಸುದ್ದಿ ಮುಟ್ಟಿತು. ಅದೇ ವಾರ ಅನಂತಪುರದಿಂದ ಭೀಮಾಬಾಯಿಯ ಮಗ ಸಂಗ್ರಾಮನ ಮದುವೆಯ ಸುದ್ದಿಯೂ ಬಂತು. ಯಾವನ ಜಾವಳಕ್ಕೆ ಬೆಂಡೋಲೆ ಹೋಗಿತ್ತೋ ಅವನೇ ಈಗ ಮದುಮಗ. ಸೋದರಮಾವನ ಆಹೇರ ಎಂದರೆ ಸಣ್ಣದಲ್ಲ. ಗುಡಿಯಿಂದ ಹಂದರದವರೆಗೆ ಬ್ಯಾಂಡು ಬಾರಿಸುತ್ತ, ತಲೆಯ ಮೇಲೆ ಹೊತ್ತು, ಊರಿಗೆಲ್ಲ ಕಾಣುವ ಹಾಗೆ ತರಬೇಕು. ತಂಗಿಯ ಮನೆಯವರಿಗೆ, ಅವಳ ಗಂಡನ ಅಣ್ಣತಮ್ಮಂದಿರಿಗೆ, ಹೊಸ ಬೀಗರಿಗೆ, ಎಲ್ಲರಿಗೂ ಬಟ್ಟೆ.

ಮಾಯಪ್ಪ ಊಟಕ್ಕೆ ಕುಳಿತಾಗ ಮಾತು ತೆಗೆದ. "ಅಣ್ಣಾಸಾಬ್ರಿಗೆ ಹೇಳಿದ್ರ ಒಂದ್ ಆರ ತಿಂಗಳ ತಡೀತಾರ. ಮದುವಿ ತಡ್ಯಾಂಗಿಲ್ಲ."

"ಅವರೂ ತಡ್ಯಾಂಗಿಲ್ಲ. ವಖಾರದವರು ರೊಕ್ಕ ಹಿಡಕೊಂಡ ನಿಂತಾರ."

"ಇರೂದ ಒಬ್ಬಾಕಿ ತಂಗಿ ಲೇ ನನಗ. ಮಾಮಾ ಅಂತ ಬರೀ ಕೈಲೆ ಹೋಗಿ ನಿಂತರ ನಾಕ ಮಂದಿ ಏನಂತಾರ?"

"ಪಾಡ್ಯಾ ಮುಗದ ಮ್ಯಾಲ ಗಂಟ ಮೂಟಿ ಕಟ್ಟಿ ಓಣ್ಯಾಗ ನಿಂತರ ಆ ನಾಕ ಮಂದಿ ಬರ್ತಾರೇನ್ರಿ? ಬಂದು ಅಡಗಿ ಮಾಡಾಕ ಒಲಿ ಕೊಡ್ತಾರ?"

"ನಿನ್ನ ಫಂಡಿನ ಸೊಕ್ಕು ಇದು!"

"ಹೌದ್ರಿ, ಸೊಕ್ಕ. ಬೆರಳ ಸೊಟ್ಟ ಮಾಡ್ಕೊಂಡ ಗಳಿಸಿದ ಸೊಕ್ಕ. ಒಂದ್ ಪೈಸಾ ಕೊಡಾಂಗಿಲ್ಲ."

ಅವಳು ಕೊಡಲಿಲ್ಲ. ಆದರೆ ಉದ್ರಿ ಎಂಬುದೊಂದು ಇದೆಯಲ್ಲ. ಬಟ್ಟೆ ಅಂಗಡಿಯ ರಾಜಾರಾಮ ಶೇಟನಿಗೆ ಜನಾಬಾಯಿಯ ಫಂಡು ಬಂದ ಸುದ್ದಿ ಮಾಯಪ್ಪನಿಗಿಂತ ಮೊದಲೇ ಗೊತ್ತಿತ್ತು. "ರೊಕ್ಕದ ಮಾತ ಯಾಕ ಮಾಯಪ್ಪ, ಮೊದಲ ಮಾನ," ಎಂದು ಚಹಾ ಕುಡಿಸಿ, ಅರ್ಧ ಫಂಡು ನುಂಗುವಷ್ಟು ಸೀರೆ, ಫೆಟಾ, ಪ್ಯಾಂಟು ಶರ್ಟಿನ ಪೀಸು ಕಟ್ಟಿ ಕಳಿಸಿದ. ಗಂಟುಗಳನ್ನು ಗೋಡೆಗೆ ಒಟ್ಟಿ ಮಾಯಪ್ಪ ಮದುವೆಯ ಕೆಲಸಕ್ಕೆಂದು ಎರಡು ದಿನ ಮೊದಲೇ ಅನಂತಪುರಕ್ಕೆ ಹೊರಟ. ಹೊರಡುವಾಗ ಹೆಂಡತಿಯ ಮುಖ ನೋಡದೆ, "ಇವನ್ನ ಗಾಡ್ಯಾಗ ಹಾಕ್ಕೊಂಡ ಬಾ. ಬ್ಯಾಂಡ ಹೇಳೀನಿ," ಎಂದು ಬಾಗಿಲಿಗೆ ಹೇಳಿ ಹೋದ.

ಜನಾಬಾಯಿ ಗಾಡಿ ತರಿಸಿದಳು. ಗಂಟುಗಳನ್ನು ಹಾಕಿದಳು. ಗಾಡಿ ಅನಂತಪುರಕ್ಕೆ ಹೋಗಲಿಲ್ಲ, ರಾಜಾರಾಮ ಶೇಟನ ಅಂಗಡಿಗೆ ಹೋಯಿತು.

"ಇದೇನಕ್ಕಾ?" ಶೇಟ ಗಾದಿಯಿಂದ ಅರ್ಧ ಎದ್ದ.

"ನಿಮ್ಮ ಸಾಮಾನ. ಮಡಿಕಿ ಮುರಿದಿಲ್ಲ, ಚೀಟಿ ಹರದಿಲ್ಲ. ಎಣಿಸಿ ತಗೋರಿ."

"ಮಾರಿದ ಅರಿಬಿ ವಾಪಸ ತಗೊಳ್ಳೂ ಪದ್ಧತಿ ನಮ್ಮಲ್ಲಿಲ್ಲ."

"ಮಾರಿದ್ದ ಎಲ್ಲಿ ಐತ್ರಿ? ರೊಕ್ಕ ತಗೊಂಡ್ರ ಮಾರಿದಂಗ."

"ಮಾಯಪ್ಪ ಸಹಿ ಮಾಡ್ಯಾನ."

"ಹಂಗಾರ ಅವರ ಪಗಾರಕ್ಕ ಕಾಯ್ರಿ. ನನ್ನ ಫಂಡಿಗೆ ಕಾಯಬ್ಯಾಡ್ರಿ, ಅದು ಸಿಗಾಂಗಿಲ್ಲ." ಎಂದು ಜನಾಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮದುವೆಯ ಹಂಗಾಮು, ಅಂಗಡಿಯ ತುಂಬ ಗಿರಾಕಿ. ಒಂದು ಸೀರೆ ಎತ್ತಿ, ಒಳಗೆ ಬರುತ್ತಿದ್ದ ಹೆಂಗಸರಿಗೆ ತೋರಿಸಿದಳು. "ನೋಡ್ರೆವ್ವಾ, ಇದು ರೋಖ ಕೊಟ್ಟರ ಒಂದ ದರ, ಉದ್ರಿ ಬರದರ ಅದರ ಮ್ಯಾಲ ಅರ್ಧ. ನಮ್ಮಂಥವರಿಗೆ ಉದ್ರಿ ದರ. ನಿಮಗ ಯಾವ ದರ ಹೇಳ್ಯಾರ, ಕೇಳಕೊಂಡ ತಗೋರಿ."

ಇಬ್ಬರು ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಒಬ್ಬಳು, "ಹೌದೇನ್ರಿ ಶೇಟಜಿ?" ಎಂದಳು. ಶೇಟ ಮುಖ ಕಪ್ಪಗೆ ಮಾಡಿಕೊಂಡು ಆಳಿಗೆ ಕಣ್ಸನ್ನೆ ಮಾಡಿದ. ಗಂಟುಗಳು ಒಳಗೆ ಹೋದವು. ಮಾಯಪ್ಪನ ಸಹಿಗೆ ಅಡ್ಡಗೆರೆ ಬಿತ್ತು.

ಮದುವೆಯ ದಿನ ಮುಂಜಾನೆ ಜನಾಬಾಯಿ ಹಸಿರು ಸೀರೆಯ ಗಂಟನ್ನು ಬೀಡಿ ಕತ್ತರಿಯಿಂದ ಕತ್ತರಿಸಿದಳು. ಉಟ್ಟಳು. ಮಡಿಕೆಯ ಗೆರೆಗಳು ಇಸ್ತ್ರಿ ಹೊಡೆದಂತೆ ಗಟ್ಟಿಯಾಗಿ ನಿಂತಿದ್ದವು. ಒಂದು ಹೊಸ ಕುಕ್ಕರನ್ನು ಸಾರಿಕಾಳ ಕೈಗೆ ಕೊಟ್ಟು, ಟ್ರಂಕನ್ನು ತಾನೇ ಎತ್ತಿಕೊಂಡು ಬಸ್ಸು ಹತ್ತಿದಳು. ಟ್ರಂಕಿನಲ್ಲಿ ಇಷ್ಟು ವರ್ಷ ಅವಳಿಗೆ ಬಂದ, ಇನ್ನೂ ಯಾರಿಗೂ ದಾಟಿಸದ ಆಹೇರದ ಸೀರೆಗಳೆಲ್ಲ ಇದ್ದವು.

ಅನಂತಪುರದ ಗುಡಿಯ ಮುಂದೆ ಬ್ಯಾಂಡಿನವರು ಕಾಯುತ್ತಿದ್ದರು. ಕೇಸರಿ ಫೆಟಾ ಸುತ್ತಿಕೊಂಡು ಮಾಯಪ್ಪ ನಿಂತಿದ್ದ. ಹೆಂಡತಿಯ ತಲೆಯ ಮೇಲಿನ ಟ್ರಂಕು ನೋಡಿದ. "ಗಂಟೆಲ್ಲಿ?"

"ಇದರಾಗ ಎಲ್ಲಾ ಅದಾವ, ನಡೀರಿ."

ಬ್ಯಾಂಡು ಶುರುವಾಯಿತು. ಮಾಯಪ್ಪನ ಎದೆ ಉಬ್ಬಿತು. ಹಂದರಕ್ಕೆ ಬಂದರು. ಮೈಕಿನವನು ಕೊರಳು ಸರಿಮಾಡಿಕೊಂಡು, "ಈಗ ಮದುಮಗನ ಸೋದರಮಾವ, ನಿಪ್ಪಾಣಿಯ ಮಾಯಪ್ಪ ಅವರ ವತಿಯಿಂದ..." ಎಂದು ಕೂಗಿದ. ಜನಾಬಾಯಿ ಟ್ರಂಕು ಇಳಿಸಿ ಮುಚ್ಚಳ ತೆಗೆದಳು. ಕುಕ್ಕರನ್ನು ಸಾರಿಕಾಳ ಕೈಯಿಂದ ತೆಗೆದು ಮದುಮಗಳ ಮಡಿಲಿಗಿಟ್ಟಳು. "ಇದು ದಿನಾ ಒಲಿ ಮ್ಯಾಲ ಕುಂದ್ರತೈತಿ ತಂಗಿ, ಟ್ರಂಕನ್ಯಾಗಲ್ಲ. ಚಂದಾಗಿರು." ಸಂಗ್ರಾಮನ ತಲೆ ಸವರಿದಳು. ಆಮೇಲೆ ಒಂದು ಸೀರೆ ಎತ್ತಿದಳು.

"ಕಾಗವಾಡದ ಅತ್ತಿ, ಎಲ್ಲಿದ್ದೀರಿ? ನಮ್ಮ ಮಾವ ತೀರಿದಾಗ ನೀವು ಕೊಟ್ಟಿದ್ದು. ತಗೋರಿ." ಇನ್ನೊಂದು ಎತ್ತಿದಳು. "ಇದು ರಾಯಬಾಗದ ಕಾಕೀದು. ತಗೋಬೇ. ಇದು ಚಿಕ್ಕೋಡಿ ಅಕ್ಕಂದು. ನಮ್ಮ ಮನ್ಯಾಗ ನಿಮ್ಮದೇನೂ ಉಳದಿಲ್ಲ. ನಿಮ್ಮ ಮನ್ಯಾಗ ನಮ್ಮದೇನರ ಇದ್ದರ ಇಟ್ಕೋರಿ. ಮುಯ್ಯಿ ಇವತ್ತಿಗೆ ಮುಗೀತು."

ಬ್ಯಾಂಡಿನವರು ತಾವಾಗಿಯೇ ನಿಂತರು. ರಾಯಬಾಗದ ಕಾಕಿ ಸೀರೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಂದಲ್ಲ ಬೇ. ನನಗ ಈ ಚಿಕ್ಕೋಡಿಯಾಕಿ ಕೊಟ್ಟಿದ್ದು," ಎಂದಳು.

"ನಾ ಯಾವಾಗ ಕೊಟ್ನಿ?" ಚಿಕ್ಕೋಡಿ ಅಕ್ಕ ಕೆರಳಿದಳು. ಸೀರೆ ಕಸಿದು ನೋಡಿದಳು. "ಹಾಂ, ಇದು ಕಾಗವಾಡದಿಂದ ನಂಗ ಬಂದಿದ್ದು. ಇಂಥಾ ಕಳಪಿ ಅರಿಬಿ ನಾ ತಗೊಳ್ಳಾಂಗಿಲ್ಲ."

"ಕಳಪಿ ಅಂತಿ? ಇದನ್ನ ನಿಮ್ಮವ್ವನ ನಂಗ ಕೊಟ್ಟಿದ್ದು!" ಎಂದಳು ಕಾಗವಾಡದ ಅತ್ತೆ.

ಹಂದರದ ಹಿಂದಿನ ಸಾಲಿನಲ್ಲಿ ಯಾರೋ ಮುದುಕಿ ಕಿಸಕ್ಕನೆ ನಕ್ಕಳು. ಆ ನಗೆ ಹೆಂಗಸರ ಸಾಲಿನಲ್ಲಿ ಬೆಂಕಿ ಹತ್ತಿದ ಹಾಗೆ ಹಬ್ಬಿತು. ಗಂಡಸರ ಕಡೆ ಮಾತ್ರ ಯಾರೂ ನಗಲಿಲ್ಲ. ಮಾಯಪ್ಪನ ಮುಖ ಅವನ ಫೆಟಾದ ಬಣ್ಣಕ್ಕೆ ಬಂದಿತ್ತು.

ಭೀಮಾಬಾಯಿ ಜನರನ್ನು ಸೀಳಿಕೊಂಡು ಬಂದಳು. "ನನ್ನ ಮಗನ ಮದುವ್ಯಾಗ ನನ್ನ ಮಾನ ಹರಾಜ ಹಾಕಿದಿ ವೈನಿ!"

"ಈ ಸೀರಿ ಗುರ್ತ ಹತ್ತೇತೇನ ಭೀಮಾ?" ಜನಾಬಾಯಿ ತನ್ನ ಸೆರಗು ಹಿಡಿದು ತೋರಿಸಿದಳು. "ಇದೇ ಹುಡುಗನ ಜಾವಳಕ್ಕ ನಿನಗ ಕೊಟ್ಟಿದ್ದು. ಇದಕ್ಕ ನನ್ನ ಬೆಂಡೋಲಿ ಹೋದವು. ಉಡೂದ ಬಿಡು, ಗಂಟರ ಬಿಚ್ಚಿದ್ದೇನ ನೀ?"

ಭೀಮಾಬಾಯಿಯ ಬಾಯಿಂದ ನಿಜ ಹೊರಬಿತ್ತು. "ಗಂಟ ಬಿಚ್ಚಿದ್ರ ಮುಂದ ಯಾರಿಗೆ ಕೊಡ್ಲಿ? ನನಗೂ ಕೊಡೂದಿರಲಿಲ್ಲೇನ? ನಾ ಏನ ಸಾವಕಾರ್ತಿ ಅದೀನ? ಈ ಮದುವಿಗೆ ಎರಡ ಎಮ್ಮಿ ಮಾರೇನಿ ವೈನಿ, ಹಾಲ ಕೊಡೂ ಎಮ್ಮಿ!" ಎಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಎಮ್ಮೆ ಮಾರಿ ತಂದ ಬಟ್ಟೆಯ ರಾಶಿ ಅವಳ ಹಿಂದೆಯೇ ಮಂಚದ ಮೇಲೆ ಇತ್ತು, ಹಂಚಲು ಸಿದ್ಧವಾಗಿ. ಜನಾಬಾಯಿ ಆ ರಾಶಿಯನ್ನು ನೋಡಿದಳು. ಅವಳ ಸಿಟ್ಟು ಇಳಿಯಲಿಲ್ಲ, ಬೆಳೆಯಿತು. ಆದರೆ ಅದು ಈಗ ಭೀಮಾಬಾಯಿಯ ಮೇಲೆ ಇರಲಿಲ್ಲ. ಖಾಲಿ ಟ್ರಂಕನ್ನು ಎತ್ತಿಕೊಂಡು, "ನಡಿ ಸಾರಿಕಾ," ಎಂದಳು. ಉಣ್ಣದೆಯೇ ತಾಯಿ ಮಗಳು ಬಸ್ ನಿಲ್ದಾಣಕ್ಕೆ ನಡೆದರು.

ಮರುದಿನ ಬ್ಯಾಂಕಿನಿಂದ ರೊಕ್ಕ ತೆಗೆದು ನೇರ ಅಣ್ಣಾಸಾಬನ ಮನೆಗೆ ಹೋದಳು. ಅವನು ರೊಕ್ಕ ಮುಟ್ಟದೆ, "ಮಾಯಪ್ಪನ್ನ ಕರಕೊಂಡ ಬಾ. ಕಾಗದಪತ್ರದ ಯವಾರ, ಗಂಡಸ ಬೇಕಾಗ್ತಾನ," ಎಂದ.

"ಬೀಡಿ ಸುತ್ತೂಮುಂದ ಗಂಡಸ ಬೇಕಾಗಿದ್ದಿಲ್ರಿ ಅಣ್ಣಾಸಾಬ್ರ. ಬಾಡಿಗಿ ತಂದ ಕೊಡೂಮುಂದೂ ನೀವು ಗಂಡಸನ್ನ ಕೇಳಲಿಲ್ಲ. ಇಷ್ಟ ವರ್ಷ ನನ್ನ ಕೈಯಿಂದ ತಗೊಂಡೀರಿ, ಇದನ್ನೂ ತಗೋರಿ. ಕಾಗದ ನನ್ನ ಹೆಸರಲೆ ಆಗ್ಲಿ."

ಅಣ್ಣಾಸಾಬ ಕನ್ನಡಕ ಹಾಕಿಕೊಂಡು ರೊಕ್ಕ ಎಣಿಸಿದ.

ಮಾಯಪ್ಪ ಅಂದಿನಿಂದ ಮನೆಯಲ್ಲಿ ಮಾತಾಡಲಿಲ್ಲ. ನೀರಿನ ಟಾಕಿಯ ಬುಡದ ಖೋಲಿಯಲ್ಲಿಯೇ ಬಿದ್ದುಕೊಂಡ. ಉಣ್ಣುವುದಕ್ಕೆ ಮಾತ್ರ ಬರುತ್ತಿದ್ದ, ಉಂಡು ಎದ್ದು ಹೋಗುತ್ತಿದ್ದ. ಬಳಗದವರು ಕರೆಯುವುದು ಬಿಟ್ಟರು. ಜನಾಬಾಯಿಗೆ ಅದರಿಂದ ನೋವಾಗಲಿಲ್ಲ ಎಂದರೆ ಸುಳ್ಳು. ಹಬ್ಬದ ದಿನ ಬಾಗಿಲಲ್ಲಿ ಬಳಗದ ಚಪ್ಪಲಿ ಕಾಣದಾಗ ಎರಡು ಸಲ ಎದ್ದು ಹೋಗಿ ಓಣಿ ನೋಡಿ ಬಂದಳು. ಆದರೆ ಯಾರಾದರೂ ಕನಿಕರದ ಮಾತಾಡಿದರೆ ಮಾತ್ರ ಉರಿದುಬೀಳುತ್ತಿದ್ದಳು. ಬೇರೆ ಕಾರಖಾನೆಯ ಬೀಡಿ ಹಿಡಿದು, ತಾಯಿ ಮಗಳು ಸುತ್ತಿ ಸುತ್ತಿ, ಹೇಳಿದ ವರ್ಷದೊಳಗೇ ಉಳಿದ ರೊಕ್ಕ ಮುಟ್ಟಿಸಿದರು. ಕಾಗದ ಆಯಿತು. ಹಸಿರು ಸೀರೆ ಒಗೆದು ಒಗೆದು ಬಣ್ಣ ಬಿಟ್ಟು, ಎಲೆ ನೆನೆಹಾಕುವಾಗ ಉಡುವ ಸೀರೆಯಾಯಿತು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆ ಬಿದ್ದ ದಿನ ಮಾಯಪ್ಪ ಉಣ್ಣಲು ಕುಳಿತಿದ್ದ. ತಗಡಿನ ಸಂದಿಯಿಂದ ನೀರು ಅವನ ತಾಟಿನ ಪಕ್ಕಕ್ಕೆ ಟಪ್ ಟಪ್ ಬೀಳತೊಡಗಿತು. ತಾಟನ್ನು ಎಳೆದುಕೊಂಡ, ಮೇಲೆ ನೋಡಿದ. ಇಷ್ಟು ದಿನದ ಮೌನವನ್ನೂ ಮರೆತು, ಹಳೆಯ ರೂಢಿಯಂತೆ ಗೊಣಗಿದ. "ತಗಡ ಪೂರಾ ಹೋಗೇತಿ. ಮಾಲಕರಿಗೆ ಹೇಳಬೇಕ."

ಮೊರದಿಂದ ಕಣ್ಣೆತ್ತದೆ, ಬೀಡಿಯ ಕೊರಳಿಗೆ ದಾರ ಬಿಗಿಯುತ್ತ ಜನಾಬಾಯಿ ಅಂದಳು. "ಹೇಳ್ರಿ. ಇಲ್ಲೇ ಕುಂತೀನಿ."